ಯುವ ಕ್ರೀಡಾಪಟುಗಳೂ ಮದ್ಯಪಾನವೂ: ಕಾಲೇಜುಗಳ ಕರ್ತವ್ಯವೇನು?

ಮಹಾಭಾರತದ ಮೌಸಲ ಪರ್ವದಲ್ಲಿ ಯಾದವರ ಅಂತ್ಯದ ಕಥೆ ಬರುತ್ತದೆ. ಋಷಿಶಾಪಕ್ಕೆ ಗುರಿಯಾದ ದ್ವಾರಕೆಯಲ್ಲಿ ಇನ್ನು ಯಾರೂ ಮದ್ಯ ತಯಾರಿಸಕೂಡದೆಂದು ಡಂಗುರ ಸಾರಲಾಯಿತು. ತಪ್ಪಿ ನಡೆದವನಿಗೆ ಬಂಧುಗಳೊಡನೆ ಶೂಲವೇ ಗತಿಯೆಂದು ಶಿಕ್ಷೆಯೂ ಗೊತ್ತಾಯಿತು. ಊರೊಳಗೆ ಎಲ್ಲರೂ ಆಜ್ಞೆಗೆ ತಲೆಬಾಗಿದರು. ಆದರೆ ತೀರ್ಥಯಾತ್ರೆಗೆಂದು ಪ್ರಭಾಸ ಕ್ಷೇತ್ರಕ್ಕೆ ಹೊರಟಾಗ ಅವರ ಸಂಗಡ ಮದ್ಯವೂ ಹೊರಟಿತು. ಕಡಲ ತಡಿಯಲ್ಲಿ ಪಾನಗೋಷ್ಠಿ ನಡೆಯಿತು. ಸಾತ್ಯಕಿಯೂ ಕೃತವರ್ಮನೂ ಹಳೆಯ ಯುದ್ಧದ ಮಾತನ್ನು ಕೆದಕಿ ಒಬ್ಬರನ್ನೊಬ್ಬರು ಹಳಿದರು. ಮಾತು ಕೈಗೆ ಬಂತು, ದಡದ ಜೊಂಡುಹುಲ್ಲೇ ಆಯುಧವಾಯಿತು, ಒಂದು ವಂಶವೇ ಅಳಿಯಿತು.

ಅಳಿದವರು ದುರ್ಬಲರಲ್ಲ, ಆ ಕಾಲದ ಮಹಾ ಬಲಶಾಲಿಗಳು. ಮೈಯಲ್ಲಿ ಕಸುವಿರುವವನಿಗೆ ಮದ್ಯ ಏನೂ ಮಾಡದೆಂಬ ನಂಬಿಕೆ ಎಷ್ಟು ಹುಸಿಯೆಂಬುದನ್ನು ಈ ಕಥೆ ತಿಳಿಸುತ್ತದೆ. ಅದರಲ್ಲಿ ಇನ್ನೊಂದು ಸೂಕ್ಷ್ಮವೂ ಇದೆ. ನಿಷೇಧವಿದ್ದುದು ಊರಿನ ಎಲ್ಲೆಯೊಳಗೆ ಮಾತ್ರ. ಕುಡಿತದ ರೂಢಿ ಬದಲಾಗಿರಲಿಲ್ಲ. ಆದ್ದರಿಂದ ಎಲ್ಲೆ ದಾಟಿದೊಡನೆ ನಿಷೇಧ ಕಳಚಿ ಬಿದ್ದಿತು. ಇಂದಿನ ಕಾಲೇಜುಗಳಲ್ಲಿ ಇಪ್ಪತ್ತೊಂದು ತುಂಬದ ಕ್ರೀಡಾಪಟುಗಳ ಮದ್ಯಪಾನವನ್ನು ಕುರಿತು ಯೋಚಿಸುವವರು ಈ ಸೂಕ್ಷ್ಮವನ್ನು ಮರೆಯುವಂತಿಲ್ಲ.

ಜೀಡಿಮೆಟ್ಲಾದ ಸುತ್ತಮುತ್ತ

ಹೈದರಾಬಾದು ನಗರದ ಉತ್ತರ ಭಾಗದಲ್ಲಿರುವ ಜೀಡಿಮೆಟ್ಲಾ ಔಷಧ, ರಾಸಾಯನಿಕ ಹಾಗೂ ಯಂತ್ರೋಪಕರಣಗಳ ಕಾರ್ಖಾನೆಗಳಿಗೆ ಹೆಸರಾದ ಕೈಗಾರಿಕಾ ಪ್ರದೇಶ. ಉದ್ಯೋಗವನ್ನರಸಿ ಬೀದರ, ಕಲಬುರಗಿ, ಯಾದಗಿರಿ, ರಾಯಚೂರು ಮುಂತಾದ ಕಡೆಗಳಿಂದ ಹೈದರಾಬಾದಿಗೆ ಬಂದ ಕನ್ನಡಿಗರಿಗೆ ಇಂತಹ ಕೈಗಾರಿಕಾ ಬಡಾವಣೆಗಳು ಹೊಸವಲ್ಲ. 1956ರ ನವೆಂಬರ್ 1ರವರೆಗೆ ಆ ಜಿಲ್ಲೆಗಳೂ ಹೈದರಾಬಾದು ರಾಜ್ಯಕ್ಕೇ ಸೇರಿದ್ದವು. ತಂದೆ ಪಾಳಿಯ ಮೇಲೆ ದುಡಿಯುವ ಮನೆಗಳಲ್ಲಿ ಮಕ್ಕಳು ಓದಿ ಇಂಜಿನಿಯರುಗಳಾಗಲೆಂಬುದೇ ದೊಡ್ಡ ಆಸೆ. ಅದಕ್ಕೆ ತಕ್ಕಂತೆ ದೂಲಪಲ್ಲಿ, ಮೈಸಮ್ಮಗೂಡ, ಬಹದೂರ್‌ಪಲ್ಲಿ, ಕೊಂಪಲ್ಲಿ, ಬಾಚುಪಲ್ಲಿಗಳ ಸುತ್ತ ಕಾಲೇಜುಗಳೂ ವಿದ್ಯಾರ್ಥಿನಿಲಯಗಳೂ ತಲೆಯೆತ್ತಿವೆ. ಅವುಗಳಿಗೆ ಹೋಗುವ ಹೆದ್ದಾರಿಯ ಇಕ್ಕೆಲಗಳಲ್ಲಿ ‘ವೈನ್ಸ್’ ಎಂಬ ಫಲಕಗಳೂ ಅಷ್ಟೇ ಧಾರಾಳವಾಗಿ ಕಾಣುತ್ತವೆ.

ಇಂತಹ ಒಂದು ಕಾಲೇಜಿನ ಕಬಡ್ಡಿ ತಂಡ ವಿಶ್ವವಿದ್ಯಾಲಯ ಮಟ್ಟದ ಪಂದ್ಯವನ್ನು ಗೆದ್ದು ಬಂದಿತೆಂದು ಕಲ್ಪಿಸಿಕೊಳ್ಳಬಹುದು. ತಂಡದಲ್ಲಿ ಹದಿನೇಳು ತುಂಬಿದ ಮೊದಲ ವರ್ಷದ ಹುಡುಗನೂ ಇದ್ದಾನೆ, ಇಪ್ಪತ್ತೆರಡರ ನಾಯಕನೂ ಇದ್ದಾನೆ. ರಾತ್ರಿ ವಿದ್ಯಾರ್ಥಿನಿಲಯದ ಕೋಣೆಯೊಂದರಲ್ಲಿ ವಿಜಯೋತ್ಸವ. ‘ಒಂದು ಗುಟುಕಿನಿಂದ ಏನಾದೀತು?’ ಎಂದು ಹಿರಿಯರ ಒತ್ತಾಯ. ಹನ್ನೊಂದು ಗಂಟೆಯ ಹೊತ್ತಿಗೆ ಆ ಹುಡುಗ ಗೋಡೆಗೊರಗಿ ಕುಳಿತಿದ್ದಾನೆ. ಹನ್ನೆರಡಕ್ಕೆ ಕೂಗಿದರೂ ಏಳುತ್ತಿಲ್ಲ. ನಿಲಯಪಾಲಕರನ್ನು ಎಬ್ಬಿಸಿದರೆ ಎಲ್ಲರಿಗೂ ಅಮಾನತು. ಕ್ರೀಡಾ ಕೋಟಾದ ಸೀಟು, ಶುಲ್ಕದ ರಿಯಾಯಿತಿ, ಮುಂದಿನ ಪಂದ್ಯ ಎಲ್ಲವೂ ಹೋಗುತ್ತವೆ. ಆದ್ದರಿಂದ ‘ಮಲಗಿದರೆ ಸರಿಹೋಗುತ್ತಾನೆ’ ಎಂದು ದೀಪ ಆರಿಸುತ್ತಾರೆ.

ಕಾಲೇಜಿನ ನೀತಿಯ ಪರೀಕ್ಷೆ ನಡೆಯುವುದು ಆ ಕೋಣೆಯಲ್ಲಿ, ಆ ಗಳಿಗೆಯಲ್ಲಿ. ಗೆಳೆಯರು ಸಹಾಯಕ್ಕಾಗಿ ಕೂಗುವಂತೆ ಮಾಡಬಲ್ಲ ನೀತಿಯೇ ಒಳ್ಳೆಯ ನೀತಿ.

ಕಾನೂನಿನ ಮಾತು

ತೆಲಂಗಾಣದಲ್ಲಿ ಜಾರಿಯಲ್ಲಿರುವ 1968ರ ಅಬಕಾರಿ ಕಾಯ್ದೆಯಂತೆ 21 ವರ್ಷ ತುಂಬದವರಿಗೆ ಮದ್ಯ ಮಾರುವುದು ಅಪರಾಧ. 2015ರ ಬಾಲನ್ಯಾಯ ಕಾಯ್ದೆ ಇನ್ನೂ ಬಿಗಿಯಾದುದು. ವೈದ್ಯರ ಸೂಚನೆಯಿಲ್ಲದೆ 18 ತುಂಬದವರಿಗೆ ಮದ್ಯ ಕೊಟ್ಟವರಿಗೆ ಅದರ 77ನೆಯ ವಿಧಿ ಏಳು ವರ್ಷಗಳವರೆಗೆ ಕಠಿಣ ಸಜೆಯನ್ನೂ ಒಂದು ಲಕ್ಷ ರೂಪಾಯಿಯವರೆಗೆ ದಂಡವನ್ನೂ ವಿಧಿಸಬಲ್ಲದು. ಪದವಿಯ ಮೊದಲ ವರ್ಷಕ್ಕೆ ಸೇರುವವರಲ್ಲಿ ಅನೇಕರು ಹದಿನೇಳರವರು. ಅವರ ಕೈಗೆ ಲೋಟ ಕೊಡುವ ಹಿರಿಯ ವಿದ್ಯಾರ್ಥಿ ತಾನು ಮಾಡುತ್ತಿರುವುದು ಬರಿಯ ತಮಾಷೆಯೆಂದು ಭಾವಿಸುತ್ತಾನೆ. ಕಾನೂನು ಹಾಗೆ ಭಾವಿಸುವುದಿಲ್ಲ.

ಕಾನೂನು ರಾಜ್ಯದಿಂದ ರಾಜ್ಯಕ್ಕೆ ಬೇರೆಯಾಗುತ್ತದೆ. ಗೋವೆಯಲ್ಲಿ ಮದ್ಯಪಾನದ ವಯಸ್ಸು 18. ಮಹಾರಾಷ್ಟ್ರದಲ್ಲಿ ಬಿಯರಿಗೆ 21, ವಿಸ್ಕಿ ಮುಂತಾದವಕ್ಕೆ 25. ಕರ್ನಾಟಕದ 1965ರ ಕಾಯ್ದೆ 18 ಎಂದರೆ 1967ರ ನಿಯಮಗಳು 21 ಎನ್ನುತ್ತಿದ್ದವು. 2023ರ ಜನವರಿಯಲ್ಲಿ ನಿಯಮದ ವಯಸ್ಸನ್ನು 18ಕ್ಕೆ ಇಳಿಸುವ ಕರಡು ಹೊರಬಂದು, ಸಾರ್ವಜನಿಕ ವಿರೋಧದ ಫಲವಾಗಿ ಅದನ್ನು ಕೈಬಿಡಲಾಯಿತು. ಹೈದರಾಬಾದಿನ ತಂಡ ಗೋವೆಗೆ ಆಡಲು ಹೋದಾಗ ಅಲ್ಲಿನ ಅಂಗಡಿಯವನು ಹತ್ತೊಂಬತ್ತರ ಹುಡುಗನನ್ನು ತಡೆಯಬೇಕಾಗಿಲ್ಲ. ಕಾಲೇಜಿನ ನಿಯಮ ತಂಡದ ಜೊತೆಗೇ ಪ್ರಯಾಣ ಮಾಡದಿದ್ದರೆ ಪ್ರಭಾಸದ ಕಥೆಯೇ ಮರುಕಳಿಸುತ್ತದೆ.

ಬರಿಯ ಕಾನೂನಿನಿಂದ ಎಲ್ಲವೂ ಆಗುವುದಿಲ್ಲವೆಂಬುದನ್ನು ತೆಲುಗು ನಾಡೇ ಕಂಡಿದೆ. 1992ರಲ್ಲಿ ನೆಲ್ಲೂರು ಜಿಲ್ಲೆಯ ದೂಬಗುಂಟದ ಮಹಿಳೆಯರು ಆರಂಭಿಸಿದ ಸಾರಾಯಿ ವಿರೋಧಿ ಚಳವಳಿಯ ಫಲವಾಗಿ ಆಂಧ್ರಪ್ರದೇಶದಲ್ಲಿ 1993ರಲ್ಲಿ ಸಾರಾಯಿ ನಿಂತಿತು. 1995ರಲ್ಲಿ ಪೂರ್ಣ ಪಾನನಿಷೇಧ ಬಂತು. 1997ರಲ್ಲಿ ಅದು ಸಡಿಲಗೊಂಡಿತು. 2019-21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯಂತೆ 15 ವರ್ಷ ಮೀರಿದ ಪುರುಷರಲ್ಲಿ ಮದ್ಯ ಸೇವಿಸುವವರು ಇಡೀ ದೇಶದಲ್ಲಿ ನೂರಕ್ಕೆ ಸುಮಾರು 19. ತೆಲಂಗಾಣದಲ್ಲಿ ನೂರಕ್ಕೆ 43. ಇಂತಹ ಪರಿಸರದಲ್ಲಿ ಬೆಳೆಯುವ ಹುಡುಗನಿಗೆ ಕುಡಿತ ವಿಶೇಷವೆನಿಸುವುದಿಲ್ಲ, ಕುಡಿಯದಿರುವುದೇ ವಿಶೇಷವೆನಿಸುತ್ತದೆ.

ಕ್ರೀಡಾಪಟುವೇ ಏಕೆ?

ದೇಹವನ್ನು ದೇಗುಲದಂತೆ ಕಾಪಾಡಿಕೊಳ್ಳುವವನು ಕುಡಿತದಿಂದ ದೂರವಿರುತ್ತಾನೆಂಬುದು ಸಹಜವಾದ ನಿರೀಕ್ಷೆ. ವಾಸ್ತವ ಬೇರೆ. ಹಾರ್ವರ್ಡ್ ವಿಶ್ವವಿದ್ಯಾಲಯದ ಸಾರ್ವಜನಿಕ ಆರೋಗ್ಯ ವಿಭಾಗವು 1993ರಿಂದ 2001ರವರೆಗೆ ಅಮೆರಿಕದ ಕಾಲೇಜುಗಳಲ್ಲಿ ನಡೆಸಿದ ಸಮೀಕ್ಷೆಗಳಲ್ಲಿ, ಒಂದೇ ಕೂಟದಲ್ಲಿ ವಿಪರೀತವಾಗಿ ಕುಡಿಯುವ ಚಾಳಿ ಆಟಗಾರರಲ್ಲಿ ಇತರ ವಿದ್ಯಾರ್ಥಿಗಳಿಗಿಂತ ಹೆಚ್ಚೆಂದು ಕಂಡುಬಂತು. ಅವರು ಪ್ರತಿದಿನ ಕುಡಿಯುವವರಲ್ಲ. ವಾರವೆಲ್ಲ ಕಟ್ಟುನಿಟ್ಟಾಗಿದ್ದು, ಪಂದ್ಯ ಮುಗಿದ ರಾತ್ರಿ ಕಟ್ಟೆಯೊಡೆದಂತೆ ಕುಡಿಯುವವರು. ಅಪಾಯವಿರುವುದೂ ಅಲ್ಲಿಯೇ.

ಕಾರಣಗಳು ಹಲವು. ಆಟದಲ್ಲಿ ಗೆದ್ದಾಗ ಸಂಭ್ರಮ, ಸೋತಾಗ ದುಃಖ. ಎರಡಕ್ಕೂ ಒಂದೇ ಔಷಧವೆಂದು ರೂಢಿ ಹೇಳಿಕೊಟ್ಟಿದೆ. ತಂಡದೊಳಗೆ ಹಿರಿಯರ ಮಾತೇ ವೇದ. ಹೊಸಬ ಒಲ್ಲೆನೆಂದರೆ ‘ತಂಡದವನಲ್ಲ’ ಎಂಬ ಹಣೆಪಟ್ಟಿ ಅಂಟುತ್ತದೆ. ಮೊಣಕಾಲಿಗೆ ಪೆಟ್ಟು ಬಿದ್ದು ಆರು ತಿಂಗಳು ಮೈದಾನದಿಂದ ಹೊರಗುಳಿದವನಿಗೆ ಹೊತ್ತೂ ಹೋಗದು, ಹೆಸರೂ ಮಾಸುತ್ತದೆ. ಆ ಒಂಟಿತನದಲ್ಲಿ ಬಾಟಲಿ ಜೊತೆಗಾರನಾಗುತ್ತದೆ. ಪಂದ್ಯಕ್ಕೆಂದು ಹೊರ ಊರಿಗೆ ಹೋದಾಗ ಮನೆಯ ಕಣ್ಣೂ ಇಲ್ಲ, ನಿಲಯಪಾಲಕರ ಕಣ್ಣೂ ಇಲ್ಲ.

ಇವೆಲ್ಲಕ್ಕೂ ಮೇಲೆ ಕ್ರೀಡೆಗೂ ಮದ್ಯಕ್ಕೂ ವ್ಯಾಪಾರ ಬೆಸೆದ ನಂಟಿದೆ. ಜಗತ್ತಿನ ಎಲ್ಲೆಡೆಯ ಕನ್ನಡಿಗರು ತಮ್ಮದೆಂದು ಎದೆಗಪ್ಪಿಕೊಂಡಿರುವ, 2025ರಲ್ಲಿ ಐ.ಪಿ.ಎಲ್. ಕಿರೀಟ ಗೆದ್ದ ಬೆಂಗಳೂರಿನ ಕ್ರಿಕೆಟ್ ತಂಡಕ್ಕೆ 2008ರಲ್ಲಿ ಇಟ್ಟ ಹೆಸರೇ ಒಂದು ವಿಸ್ಕಿಯ ಹೆಸರಿನಿಂದ ಬಂದದ್ದು. ದೂರದರ್ಶನದಲ್ಲಿ ಮದ್ಯದ ನೇರ ಜಾಹೀರಾತಿಗೆ ನಿಷೇಧವಿದ್ದರೂ ಅದೇ ಹೆಸರಿನ ಸೋಡಾ, ಸಂಗೀತ ಮುಂತಾದವುಗಳ ಮರೆಯಲ್ಲಿ ಹೆಸರು ಮನೆ ಹೊಗುತ್ತದೆ. ಹತ್ತು ವರ್ಷದ ಬಾಲಕನಿಗೆ ಆ ಹೆಸರು ಮೊದಲು ತಿಳಿಯುವುದು ಆಟದ ಮೂಲಕ. ಇದಕ್ಕೆ ಎದುರಾಗಿ ಹೈದರಾಬಾದಿನಲ್ಲಿಯೇ ಒಂದು ನಿದರ್ಶನವಿದೆ. 2001ರಲ್ಲಿ ಆಲ್ ಇಂಗ್ಲೆಂಡ್ ಬ್ಯಾಡ್ಮಿಂಟನ್ ಪ್ರಶಸ್ತಿ ಗೆದ್ದ ಪುಲ್ಲೇಲ ಗೋಪಿಚಂದರು ಆರೋಗ್ಯಕ್ಕೆ ಒಳ್ಳೆಯದಲ್ಲವೆಂಬ ಕಾರಣಕ್ಕೆ ತಂಪು ಪಾನೀಯದ ಜಾಹೀರಾತನ್ನೇ ನಿರಾಕರಿಸಿದರು. ಅದು ಮದ್ಯವೂ ಆಗಿರಲಿಲ್ಲ. ಆಟಗಾರನ ಕೈಯಲ್ಲಿರುವ ಲೋಟವನ್ನು ಸಾವಿರಾರು ಮಕ್ಕಳು ನೋಡುತ್ತಾರೆಂಬ ಎಚ್ಚರ ಅವರಿಗಿದ್ದಿತು.

ದೇಹದಲ್ಲಿ ಮದ್ಯದ ಲೆಕ್ಕ

ಮದ್ಯದ ವಿಚಾರದಲ್ಲಿ ಯುವಕರು ಮಾಡುವ ಮೊದಲ ತಪ್ಪು ಅಳತೆಯದು. 30 ಮಿಲಿಲೀಟರಿನ ಒಂದು ಸಣ್ಣ ಪೆಗ್ ವಿಸ್ಕಿಯಲ್ಲಿ ಸುಮಾರು 10 ಗ್ರಾಂ ಶುದ್ಧ ಮದ್ಯಸಾರವಿರುತ್ತದೆ. ‘ಬಿಯರ್ ತಾನೆ!’ ಎಂದು ಹಗುರವಾಗಿ ಎಣಿಸುವ 650 ಮಿಲಿಲೀಟರಿನ, ಶೇಕಡ 7ರ ಸ್ಟ್ರಾಂಗ್ ಬಾಟಲಿಯಲ್ಲಿ ಇರುವುದು ಸುಮಾರು 36 ಗ್ರಾಂ. ಎಂದರೆ ಮೂರೂವರೆ ಸಣ್ಣ ಪೆಗ್‌ಗಳಿಗೆ ಸಮ. ಒಂದು ಕ್ವಾರ್ಟರ್ ಬಾಟಲಿಯಲ್ಲಿ ಸುಮಾರು 60 ಗ್ರಾಂ.

ಆರೋಗ್ಯವಂತನ ಯಕೃತ್ತು ಗಂಟೆಗೆ ಸುಮಾರು 7ರಿಂದ 10 ಗ್ರಾಂ ಮದ್ಯಸಾರವನ್ನು ಮಾತ್ರ ಅರಗಿಸಬಲ್ಲದು. ಈ ವೇಗವನ್ನು ಮಜ್ಜಿಗೆಯಾಗಲಿ ನಿಂಬೆರಸವಾಗಲಿ ಕಾಫಿಯಾಗಲಿ ತಣ್ಣೀರ ಸ್ನಾನವಾಗಲಿ ಹೆಚ್ಚಿಸಲಾರದು. ಗಂಟೆಗೆ 8 ಗ್ರಾಮಿನ ಲೆಕ್ಕ ಹಿಡಿದರೆ ಅಂತಹ ಎರಡು ಬಾಟಲಿ ಬಿಯರ್ ದೇಹದಿಂದ ಹೊರಹೋಗಲು ಒಂಬತ್ತು ಗಂಟೆಗಳು ಬೇಕು. ರಾತ್ರಿ ಹನ್ನೊಂದಕ್ಕೆ ಕೂಟ ಮುಗಿಸಿ ಬೆಳಿಗ್ಗೆ ಆರಕ್ಕೆ ಅಭ್ಯಾಸಕ್ಕೆ ಬಂದವನ ರಕ್ತದಲ್ಲಿ ಇನ್ನೂ ಮದ್ಯವಿದ್ದೀತು. ಸುಚಿತ್ರಾ ವೃತ್ತದ ಬಳಿ ಲಾರಿಗಳ ನಡುವೆ ಮೋಟಾರು ಸೈಕಲ್ ಓಡಿಸುವವನ ವಿಷಯದಲ್ಲಿಯೂ ಇದೇ ಮಾತು. 100 ಮಿಲಿಲೀಟರು ರಕ್ತದಲ್ಲಿ 30 ಮಿಲಿಗ್ರಾಂ ಮೀರಿದರೆ ಮೋಟಾರು ವಾಹನ ಕಾಯ್ದೆಯಂತೆ ಅಪರಾಧ. ರಾತ್ರಿ ಕುಡಿದವನು ಬೆಳಗಿನಲ್ಲಿಯೂ ಅಪರಾಧಿಯಾಗಬಹುದು.

ಆಟಗಾರನ ಸ್ನಾಯುಗಳು ಬಲಿಯುವುದು ಅಭ್ಯಾಸದ ಹೊತ್ತಿನಲ್ಲಿ ಅಲ್ಲ, ನಂತರದ ವಿಶ್ರಾಂತಿಯಲ್ಲಿ. ಆ ಹೊತ್ತಿನಲ್ಲಿಯೇ ದೇಹ ಹೊಸ ಸಸಾರಜನಕವನ್ನು ಕಟ್ಟಿ ಸವೆದ ಎಳೆಗಳನ್ನು ಬೆಸೆಯುತ್ತದೆ. 2014ರಲ್ಲಿ ಆಸ್ಟ್ರೇಲಿಯಾದ ವಿಜ್ಞಾನಿಗಳು ವ್ಯಾಯಾಮ ಮಾಡಿದ ಎಂಟು ಮಂದಿ ಪುರುಷರಿಗೆ ದೇಹತೂಕದ ಪ್ರತಿ ಕಿಲೋಗೆ ಒಂದೂವರೆ ಗ್ರಾಮಿನಂತೆ ಮದ್ಯಸಾರ ಕೊಟ್ಟು ಪರೀಕ್ಷಿಸಿದರು. ಸಸಾರಜನಕದ ಆಹಾರ ಜೊತೆಗಿದ್ದರೂ ಈ ಕಟ್ಟುವ ಕ್ರಿಯೆ ಶೇಕಡ 24ರಷ್ಟು ಕುಗ್ಗಿತು. ಪಿಷ್ಟದ ಆಹಾರ ಮಾತ್ರ ಕೊಟ್ಟಾಗ ಶೇಕಡ 37ರಷ್ಟು. ಬೆವರು ಸುರಿಸಿ ಗಳಿಸಿದ ಆಸ್ತಿಯಲ್ಲಿ ಕಾಲುಭಾಗವನ್ನು ಅದೇ ರಾತ್ರಿ ಕಳೆದಂತಾಯಿತು.

ಮದ್ಯ ಮೂತ್ರವನ್ನು ಹಿಡಿದಿಡುವ ಹಾರ್ಮೋನನ್ನು ತಡೆದು ದೇಹದ ನೀರನ್ನು ಹೊರಗಟ್ಟುತ್ತದೆ. ಹೈದರಾಬಾದಿನ ಬೇಸಿಗೆಯಲ್ಲಿ ಆಡುವವನಿಗೆ ಇದು ಉಷ್ಣಾಘಾತಕ್ಕೆ ಆಹ್ವಾನ. ಕುಡಿದವನಿಗೆ ಬೇಗನೆ ನಿದ್ರೆ ಬರುವುದು ನಿಜ. ಆದರೆ ನಡುರಾತ್ರಿಯ ನಂತರ ಅದು ಹರಿದ ನಿದ್ರೆ. ಬೆಳಿಗ್ಗೆ ಕೈಕಣ್ಣುಗಳ ಹೊಂದಿಕೆ ತಪ್ಪಿರುತ್ತದೆ. ನೋವಿಗೆಂದು ಡೈಕ್ಲೋಫೆನಾಕ್, ಐಬುಪ್ರೊಫೆನ್ ಮಾತ್ರೆಗಳನ್ನು ನುಂಗುವ ಆಟಗಾರರು ಅದರ ಮೇಲೆ ಮದ್ಯ ಸೇವಿಸಿದರೆ ಜಠರದಲ್ಲಿ ರಕ್ತಸ್ರಾವವಾಗಬಹುದು. ಪ್ಯಾರಸಿಟಮಾಲ್ ಜೊತೆ ಸೇರಿದರೆ ಯಕೃತ್ತಿಗೆ ಪೆಟ್ಟು. ಕೆಫೀನ್ ತುಂಬಿದ ‘ಎನರ್ಜಿ’ ಪಾನೀಯವನ್ನು ಬೆರೆಸಿದರೆ ಅಮಲು ಇಳಿಯುವುದಿಲ್ಲ. ಅಮಲೇರಿದ್ದು ತಿಳಿಯದಂತೆ ಮಾತ್ರ ಆಗುತ್ತದೆ. ಹುಡುಗಿಯರ ದೇಹದಲ್ಲಿ ನೀರಿನ ಅಂಶ ಕಡಿಮೆಯಾದ್ದರಿಂದ ಅಷ್ಟೇ ಪ್ರಮಾಣದ ಮದ್ಯ ಅವರ ರಕ್ತದಲ್ಲಿ ಹೆಚ್ಚು ಗಾಢವಾಗುತ್ತದೆ.

ಮೆದುಳಿನ ಮಾತು ಇನ್ನೂ ಗಂಭೀರವಾದುದು. ಮುಂದಾಲೋಚನೆ, ಸಂಯಮ, ತೀರ್ಮಾನಗಳಿಗೆ ನೆಲೆಯಾದ ಮುಮ್ಮೆದುಳು ಪೂರ್ಣವಾಗಿ ಬಲಿಯುವುದು ಇಪ್ಪತ್ತೈದರ ಆಸುಪಾಸಿನಲ್ಲಿ. ಅಮೆರಿಕದ ರಾಷ್ಟ್ರೀಯ ಸಮೀಕ್ಷೆಯೊಂದನ್ನು ಆಧರಿಸಿ 1997ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ, ಹದಿನೈದಕ್ಕೆ ಮೊದಲೇ ಕುಡಿತ ಆರಂಭಿಸಿದವರಲ್ಲಿ ನೂರಕ್ಕೆ ಸುಮಾರು 40 ಮಂದಿ ಮುಂದೆ ಮದ್ಯಕ್ಕೆ ದಾಸರಾದುದು ಕಂಡುಬಂತು. ಇಪ್ಪತ್ತು ದಾಟಿ ಆರಂಭಿಸಿದವರಲ್ಲಿ ಅದು ನೂರಕ್ಕೆ ಸುಮಾರು 10. ಬೇಗ ಆರಂಭಿಸಿದ್ದೊಂದೇ ಕಾರಣವೆನ್ನಲಾಗದಿದ್ದರೂ, ಮೊದಲ ಗುಟುಕನ್ನು ಒಂದೊಂದು ವರ್ಷ ಮುಂದೂಡಿದ್ದೂ ಲಾಭವೆಂದೇ ತಿಳಿಯಬೇಕು.

ಅಂತಾರಾಷ್ಟ್ರೀಯ ಉದ್ದೀಪನ ಮದ್ದುಗಳ ನಿಷೇಧಪಟ್ಟಿಯಲ್ಲಿ ಮದ್ಯವಿಲ್ಲವೆಂದು ವಾದಿಸುವವರಿದ್ದಾರೆ. ಬಿಲ್ಲುಗಾರಿಕೆ ಮುಂತಾದ ಕೆಲವೇ ಕ್ರೀಡೆಗಳಿಗೆ ಅನ್ವಯಿಸುತ್ತಿದ್ದ ಆ ನಿಷೇಧವನ್ನು 2018ರಲ್ಲಿ ತೆಗೆದುದು ನಿಜ. ಆದರೆ ಅದು ಆಯಾ ಕ್ರೀಡಾಸಂಸ್ಥೆಗಳು ತಾವೇ ನಿಯಂತ್ರಿಸಲೆಂದು ಮಾಡಿದ ಏರ್ಪಾಡು. ಮದ್ಯ ನಿರಪಾಯಕಾರಿಯೆಂಬ ಪ್ರಮಾಣಪತ್ರವಲ್ಲ. ಮದ್ಯಪಾನ ಕ್ಯಾನ್ಸರಿಗೆ ಕಾರಣವೆಂದು 1988ರಲ್ಲಿಯೇ ಸ್ಥಿರಪಟ್ಟಿದೆ. ಸುರಕ್ಷಿತವೆನ್ನಬಹುದಾದ ಪ್ರಮಾಣ ಯಾವುದೂ ಇಲ್ಲವೆಂದು ವಿಶ್ವ ಆರೋಗ್ಯ ಸಂಸ್ಥೆ 2023ರಲ್ಲಿ ಸ್ಪಷ್ಟಪಡಿಸಿತು.

ಅಪಾಯದ ರಾತ್ರಿ

ಕೋಣೆಯಲ್ಲಿ ಮಲಗಿಸಿದ ಆ ಹುಡುಗನ ಬಳಿಗೆ ಮತ್ತೆ ಹೋಗಬೇಕು. ಕುಡಿಯುವುದನ್ನು ನಿಲ್ಲಿಸಿದ ಮೇಲೂ ಹೊಟ್ಟೆಯಲ್ಲಿರುವ ಮದ್ಯ ರಕ್ತಕ್ಕೆ ಸೇರುತ್ತಲೇ ಇರುತ್ತದೆ. ಮಲಗಿದಾಗ ಚೆನ್ನಾಗಿದ್ದವನು ಅರ್ಧ ಗಂಟೆಯಲ್ಲಿ ಅಪಾಯಕ್ಕೆ ಬೀಳಬಹುದು. ಗಟ್ಟಿಯಾಗಿ ಕೂಗಿ ಅಲುಗಿಸಿದರೂ ಎಚ್ಚರವಾಗದಿರುವುದು, ನಿಮಿಷಕ್ಕೆ ಎಂಟಕ್ಕಿಂತ ಕಡಿಮೆ ಉಸಿರು, ಎರಡು ಉಸಿರುಗಳ ನಡುವೆ ಹತ್ತು ಸೆಕೆಂಡಿಗೂ ಮೀರಿದ ಬಿಡುವು, ತಣ್ಣಗಾದ ಅಥವಾ ನೀಲಿಗಟ್ಟಿದ ಚರ್ಮ ಹಾಗೂ ತುಟಿ, ಪ್ರಜ್ಞೆಯಿಲ್ಲದೆ ವಾಂತಿ, ಸೆಳವು ಇವು ಮದ್ಯವಿಷದ ಲಕ್ಷಣಗಳು. ಇವುಗಳಲ್ಲಿ ಒಂದು ಕಂಡರೂ ಸಾಕು, ಇನ್ನೊಂದಕ್ಕಾಗಿ ಕಾಯಬಾರದು.

ಆಗ ಮಾಡಬೇಕಾದದ್ದು ಸರಳ. 108ಕ್ಕೆ ಕರೆ ಮಾಡಬೇಕು. 2005ರಲ್ಲಿ ಹೈದರಾಬಾದಿನಲ್ಲಿ ಹುಟ್ಟಿ ಅನೇಕ ರಾಜ್ಯಗಳಿಗೆ ಹಬ್ಬಿದ ಆ ಸೇವೆಯ ಕೇಂದ್ರ ಕಚೇರಿ ಇರುವುದೂ ಜೀಡಿಮೆಟ್ಲಾಕ್ಕೆ ಸಮೀಪದ ಮೇಡ್ಚಲ್ ರಸ್ತೆಯಲ್ಲಿ. ವಾಹನ ಬರುವವರೆಗೆ ಹುಡುಗನನ್ನು ಒಂದು ಮಗ್ಗುಲಿಗೆ, ಮೇಲಿನ ಮೊಣಕಾಲು ಮಡಿಸಿ, ವಾಂತಿ ಹೊರಗೆ ಹರಿಯುವಂತೆ ಮುಖ ತುಸು ಕೆಳಗೆ ಮಾಡಿ ಮಲಗಿಸಬೇಕು. ಅಂಗಾತ ಮಲಗಿಸಿದರೆ ವಾಂತಿ ಶ್ವಾಸನಾಳಕ್ಕೆ ಹೋಗಿ ಉಸಿರು ಕಟ್ಟುತ್ತದೆ. ಬಾಯಿಗೆ ಏನನ್ನೂ ಹಾಕಬಾರದು, ಬಲವಂತವಾಗಿ ವಾಂತಿ ಮಾಡಿಸಬಾರದು, ಕ್ಷಣಕಾಲವೂ ಒಬ್ಬನನ್ನೇ ಬಿಡಬಾರದು. ಏನು ಕುಡಿದನೆಂಬುದನ್ನು ವೈದ್ಯರಿಂದ ಮುಚ್ಚಿಡಬಾರದು. 2025ರ ಜುಲೈನಲ್ಲಿ ಕೂಕಟ್‌ಪಲ್ಲಿ ಭಾಗದಲ್ಲಿ ಕಲಬೆರಕೆಯ ಸೇಂದಿ ಕುಡಿದು ಹಲವರು ಪ್ರಾಣ ಕಳೆದುಕೊಂಡಾಗ ಅದರಲ್ಲಿ ಆಲ್ಪ್ರಜೋಲಾಂ ಎಂಬ ನಿದ್ರಾಜನಕ ಬೆರೆತಿದ್ದುದು ಕಂಡುಬಂತು. ಇಂತಹ ವಿವರವೇ ಚಿಕಿತ್ಸೆಯ ದಾರಿಯನ್ನು ನಿರ್ಧರಿಸುತ್ತದೆ.

ಕಾಲೇಜುಗಳ ಕರ್ತವ್ಯ

ಹೆಚ್ಚಿನ ವಿದ್ಯಾಸಂಸ್ಥೆಗಳಿಗೆ ತಿಳಿದಿರುವ ಮದ್ದು ಒಂದೇ: ಸಿಕ್ಕಿಬಿದ್ದವನನ್ನು ಹೊರಹಾಕುವುದು. ಇದರಿಂದ ಸಂಸ್ಥೆಯ ಹೆಸರು ಉಳಿಯಬಹುದು. ಹುಡುಗ ಉಳಿಯುವನೆಂಬ ಭರವಸೆಯಿಲ್ಲ. ಕುಡಿತ ಕೋಣೆಯಿಂದ ಕಾಲೇಜಿನ ಹಿಂದಿನ ಬಯಲಿಗೆ, ಬಯಲಿನಿಂದ ಕೆರೆಯ ಏರಿಗೆ ಸ್ಥಳಾಂತರವಾಗುತ್ತದೆ. ಅಲ್ಲಿ ಆಂಬುಲೆನ್ಸ್ ಬರುವ ದಾರಿಯೂ ಇರುವುದಿಲ್ಲ.

ಆದ್ದರಿಂದ ಕಾಲೇಜು ಕೈಗೊಳ್ಳಬೇಕಾದ ಮೊದಲ ಕ್ರಮ, ಜೀವ ಉಳಿಸಲು ಕರೆ ಮಾಡಿದವರಿಗೆ ಶಿಸ್ತಿನ ಭಯವಿಲ್ಲವೆಂಬ ಲಿಖಿತ ಅಭಯ. ಅಮೆರಿಕದ ಕಾರ್ನೆಲ್ ವಿಶ್ವವಿದ್ಯಾಲಯ 2002ರಲ್ಲಿ ಇಂತಹ ನಿಯಮ ತಂದಿತು. ಸಹಾಯ ಕೋರಿದವನಿಗೂ ಅಸ್ವಸ್ಥನಾದವನಿಗೂ ಶಿಕ್ಷೆಯಿಲ್ಲ. ಆದರೆ ಅಸ್ವಸ್ಥನಾದವನು ಆಪ್ತಸಲಹೆಗೆ ಬರಲೇಬೇಕು. ಮುಂದಿನ ಎರಡು ವರ್ಷಗಳಲ್ಲಿ ತುರ್ತು ಕರೆಗಳು ಹೆಚ್ಚಿದವು. ಆಸ್ಪತ್ರೆಯಿಂದ ಮರಳಿ ಸಲಹೆ ಪಡೆದವರ ಪ್ರಮಾಣ ಎರಡು ಪಟ್ಟಿಗೂ ಮೀರಿತು. ಕ್ಷಮೆ ಸಿಕ್ಕಿತೆಂದು ಕುಡಿತವೇನೂ ಹೆಚ್ಚಲಿಲ್ಲ. ಈ ಅಭಯ ಮದ್ಯ ತಂದುಕೊಟ್ಟವರಿಗೆ, ಬಲವಂತ ಮಾಡಿದವರಿಗೆ, ಹೊಡೆದಾಡಿದವರಿಗೆ ಸಲ್ಲದೆಂಬುದನ್ನೂ ಸ್ಪಷ್ಟವಾಗಿ ಬರೆಯಬೇಕು.

ಎರಡನೆಯದು, ಬಲವಂತವನ್ನು ಅದರ ನಿಜವಾದ ಹೆಸರಿನಿಂದ ಕರೆಯುವುದು. ವಿಶ್ವವಿದ್ಯಾಲಯ ಅನುದಾನ ಆಯೋಗದ 2009ರ ನಿಯಮಗಳಂತೆ, ವಿದ್ಯಾರ್ಥಿಯೊಬ್ಬ ತಾನಾಗಿ ಮಾಡದ ಕೆಲಸವನ್ನು ಅವನಿಂದ ಮಾಡಿಸಿ ದೇಹಕ್ಕೋ ಮನಸ್ಸಿಗೋ ಹಾನಿ ತರುವುದು ರ್‍ಯಾಗಿಂಗ್. ಆ ನಿಯಮಗಳು ಬಂದ ವರ್ಷವೇ, ಮಾರ್ಚ್ ತಿಂಗಳಿನಲ್ಲಿ, ಹಿಮಾಚಲ ಪ್ರದೇಶದ ಕಾಂಗ್ರಾ ಜಿಲ್ಲೆಯ ವೈದ್ಯಕೀಯ ವಿದ್ಯಾರ್ಥಿಯೊಬ್ಬ ಕುಡಿದಿದ್ದ ಹಿರಿಯ ವಿದ್ಯಾರ್ಥಿಗಳ ಹೊಡೆತದಿಂದ ಮೃತಪಟ್ಟಿದ್ದ. ಹೊಸ ಆಟಗಾರನನ್ನು ‘ತಂಡಕ್ಕೆ ಸೇರಿಸಿಕೊಳ್ಳುವ’ ಕುಡಿತದ ಕೂಟವೂ ರ್‍ಯಾಗಿಂಗೇ. ಇದನ್ನು ಋತುವಿನ ಮೊದಲ ದಿನವೇ ತಂಡದ ಮುಂದೆ ಓದಿ ಹೇಳಬೇಕು.

ಮೂರನೆಯದು, ತಂಡದ ರೂಢಿಯನ್ನು ಬದಲಿಸುವುದು. ಇದು ತರಬೇತುದಾರ ಮತ್ತು ನಾಯಕನ ಕೈಯಲ್ಲಿದೆ. ಲಂಡನ್ನಿನ ಆರ್ಸೆನಲ್ ಫುಟ್ಬಾಲ್ ಸಂಸ್ಥೆಯ ನಾಯಕ ಟೋನಿ ಆಡಮ್ಸ್ 1996ರ ಸೆಪ್ಟೆಂಬರಿನಲ್ಲಿ ತಾನು ಮದ್ಯವ್ಯಸನಿಯೆಂದು ಬಹಿರಂಗವಾಗಿ ಒಪ್ಪಿಕೊಂಡ. ಮರು ತಿಂಗಳು ಬಂದ ಹೊಸ ತರಬೇತುದಾರ ಆರ್ಸೆನ್ ವೆಂಗರ್ ಆಟಗಾರರ ಆಹಾರ, ವಿಶ್ರಾಂತಿ, ಪಾನಗಳ ಪದ್ಧತಿಯನ್ನೇ ಬದಲಿಸಿದ. 1998ರಲ್ಲಿ ಅದೇ ನಾಯಕನ ಮುಂದಾಳುತನದಲ್ಲಿ ತಂಡ ಲೀಗ್ ಹಾಗೂ ಎಫ್.ಎ. ಕಪ್ ಎರಡನ್ನೂ ಗೆದ್ದಿತು. ಆಡಮ್ಸ್ 2000ದಲ್ಲಿ ವ್ಯಸನಕ್ಕೆ ಸಿಲುಕಿದ ಕ್ರೀಡಾಪಟುಗಳಿಗಾಗಿ ಚಿಕಿತ್ಸಾಲಯವೊಂದನ್ನು ಸ್ಥಾಪಿಸಿದ. ನಾಯಕನನ್ನು ಹೊರದಬ್ಬಿದ್ದರೆ ಇವು ಯಾವುವೂ ಆಗುತ್ತಿರಲಿಲ್ಲ. ಕಾಲೇಜುಗಳಲ್ಲಿ ತರಬೇತುದಾರನೇ ಆಟಗಾರರ ಜೊತೆ ಕುಳಿತು ಲೋಟವೆತ್ತಿದರೆ ಗೋಡೆಯ ಮೇಲಿನ ಯಾವ ಸೂಚನಾಫಲಕಕ್ಕೂ ಅರ್ಥವಿರುವುದಿಲ್ಲ.

ನಾಲ್ಕನೆಯದು, ಗೆಲುವಿಗೆ ಬೇರೆಯೊಂದು ಹಬ್ಬವನ್ನು ಒದಗಿಸುವುದು. ಪಂದ್ಯ ಮುಗಿದ ರಾತ್ರಿ ಹುಡುಗರನ್ನು ಅವರ ಪಾಡಿಗೆ ಬಿಟ್ಟು, ಮರುದಿನ ವಿಚಾರಣೆ ಮಾಡುವುದರಲ್ಲಿ ಅರ್ಥವಿಲ್ಲ. ಕಾಲೇಜೇ ಅಂದು ತಂಡಕ್ಕೆ ಒಳ್ಳೆಯ ಊಟ ಹಾಕಿಸಲಿ. ಪ್ರಾಂಶುಪಾಲರೂ ಅಧ್ಯಾಪಕರೂ ಜೊತೆಯಲ್ಲಿ ಕುಳಿತು ಉಣ್ಣಲಿ. ಹೊರ ಊರಿನ ಪಂದ್ಯಕ್ಕೆ ಹೊಣೆಯರಿತ ಅಧ್ಯಾಪಕರೊಬ್ಬರು ಹೋಗಿ ಅದೇ ವಸತಿಯಲ್ಲಿ ಉಳಿಯಲಿ. ಐಸ್‌ಲೆಂಡಿನಲ್ಲಿ 1998ರಲ್ಲಿ ಹದಿನೈದು-ಹದಿನಾರರ ಮಕ್ಕಳಲ್ಲಿ ನೂರಕ್ಕೆ 42 ಮಂದಿ ಹಿಂದಿನ ಒಂದು ತಿಂಗಳಲ್ಲಿ ಅಮಲೇರುವಷ್ಟು ಕುಡಿದಿದ್ದರು. 2016ರ ಹೊತ್ತಿಗೆ ಆ ಸಂಖ್ಯೆ 5ಕ್ಕೆ ಇಳಿಯಿತು. ಅಲ್ಲಿನವರು ಕಾನೂನನ್ನು ಬಿಗಿಗೊಳಿಸಿದರು. ಅದರೊಂದಿಗೆ ನುರಿತ ತರಬೇತುದಾರರಿರುವ ಕ್ರೀಡಾಸಂಘಗಳಿಗೆ ಹಣ ಕೊಟ್ಟರು, ಪಾಲಕರನ್ನು ಒಟ್ಟುಗೂಡಿಸಿದರು. ಒಳ್ಳೆಯ ಹಿರಿಯರ ಕೈಯಲ್ಲಿದ್ದಾಗ ಕ್ರೀಡೆಯೇ ಕುಡಿತಕ್ಕೆ ತಡೆಯಾಗುತ್ತದೆ.

ಐದನೆಯದು, ಮೊದಲೇ ಗುರುತಿಸುವುದು. ಋತುವಿನ ಆರಂಭದಲ್ಲಿ ಹೃದಯ, ಕೀಲು, ಕಣ್ಣುಗಳನ್ನು ಪರೀಕ್ಷಿಸುವಂತೆ ವಿಶ್ವ ಆರೋಗ್ಯ ಸಂಸ್ಥೆ ರೂಪಿಸಿದ ಹತ್ತು ಪ್ರಶ್ನೆಗಳ ಮದ್ಯಪಾನ ಪರೀಕ್ಷೆಯನ್ನೂ ಗೌಪ್ಯವಾಗಿ ನಡೆಸಬಹುದು. ಉತ್ತರಗಳು ಆಯ್ಕೆ ಸಮಿತಿಗೆ ಹೋಗಕೂಡದು. ವೈದ್ಯರ ಅಥವಾ ಆಪ್ತಸಲಹೆಗಾರರ ಬಳಿಯೇ ಉಳಿಯಬೇಕು. ಇಲ್ಲದಿದ್ದರೆ ಯಾರೂ ನಿಜ ಹೇಳರು. ತಪ್ಪಿದವರಿಗೆ ಹಂತಹಂತದ ಕ್ರಮವಿರಲಿ: ಮೊದಲ ಬಾರಿಗೆ ಸಲಹೆ ಹಾಗೂ ಪಾಲಕರೊಡನೆ ಮಾತು, ಎರಡನೆಯ ಬಾರಿಗೆ ಕೆಲವು ಪಂದ್ಯಗಳಿಂದ ಹೊರಗೆ, ಆಮೇಲೆ ಕಡ್ಡಾಯ ಚಿಕಿತ್ಸೆ. ಓದಿನ ಬಾಗಿಲು ಮಾತ್ರ ಮುಚ್ಚದಿರಲಿ. ಗಾಯಗೊಂಡು ಕುಳಿತ ಆಟಗಾರನಿಗೆ ಅಂಕಪಟ್ಟಿ ಬರೆಯುವುದೋ ಕಿರಿಯರಿಗೆ ಕಲಿಸುವುದೋ, ಒಂದು ಕೆಲಸ ಕೊಟ್ಟು ತಂಡದೊಳಗೇ ಉಳಿಸಿಕೊಳ್ಳಬೇಕು.

ಮನೆ ಮತ್ತು ಸಂಘ

ಕಾಲೇಜಿನ ಮೇಲೆ ಎಲ್ಲ ಹೊಣೆ ಹೊರಿಸಿ ಪಾಲಕರು ಕೈತೊಳೆದುಕೊಳ್ಳುವಂತಿಲ್ಲ. ಮದುವೆಯ ಹಿಂದಿನ ರಾತ್ರಿ ಮಾಳಿಗೆಯ ಮೇಲೆ ಕೂಟ ನಡೆಸುವ ಹಿರಿಯರು ಮಕ್ಕಳಿಗೆ ಸೋಡಾ ತರಲು ಹೇಳಿದಾಗಲೇ ಮೊದಲ ಪಾಠ ಮುಗಿದಿರುತ್ತದೆ. ರಾತ್ರಿ ಪಾಳಿಯ ತಂದೆ, ಮನೆಗೆಲಸದಿಂದ ದಣಿದ ತಾಯಿ ಮಗನೊಡನೆ ವಾರಕ್ಕೊಮ್ಮೆಯಾದರೂ ಒಟ್ಟಿಗೆ ಕುಳಿತು ಉಣ್ಣಬೇಕು. ಪದಕದ ವಿಚಾರವನ್ನಷ್ಟೇ ಅಲ್ಲದೆ ಪಂದ್ಯದ ನಂತರ ಏನು ನಡೆಯಿತೆಂಬುದನ್ನೂ ಕೇಳಬೇಕು. ‘ಯಾವ ಹೊತ್ತಿನಲ್ಲಾದರೂ ಫೋನ್ ಮಾಡು, ಬಂದು ಕರೆದುಕೊಂಡು ಹೋಗುತ್ತೇನೆ, ಬೈಗುಳ ಬೆಳಿಗ್ಗೆಗೆ ಇರಲಿ’ ಎಂಬ ಒಂದು ಮಾತು ಎಷ್ಟೋ ಉಪದೇಶಗಳಿಗಿಂತ ಹೆಚ್ಚು ಜೀವಗಳನ್ನು ಉಳಿಸೀತು.

ಹೊರನಾಡಿನ ಕನ್ನಡ ಸಂಘಗಳು ರಾಜ್ಯೋತ್ಸವಕ್ಕೆ ಆಟೋಟಗಳನ್ನು ಏರ್ಪಡಿಸುತ್ತವೆ. ಅಲ್ಲಿ ಬಹುಮಾನ ಕೊಡುವ ಪ್ರಾಯೋಜಕರು ಯಾರೆಂಬುದನ್ನು ನೋಡುವುದು, ಹಳೆಯ ಆಟಗಾರರನ್ನು ಕರೆಸಿ ಕಿರಿಯರೊಡನೆ ಮನಬಿಚ್ಚಿ ಮಾತನಾಡಿಸುವುದು, 108ರ ಕರೆ ಹಾಗೂ ಮಗ್ಗುಲಾಗಿ ಮಲಗಿಸುವ ಕ್ರಮವನ್ನು ಹತ್ತು ನಿಮಿಷ ತೋರಿಸಿಕೊಡುವುದು ದುಬಾರಿಯ ಕೆಲಸಗಳಲ್ಲ. ಮನೆಯಲ್ಲಿ ಯಾರಾದರೂ ಚಟಕ್ಕೆ ಸಿಲುಕಿದ್ದರೆ ಕೇಂದ್ರ ಸರ್ಕಾರದ ವ್ಯಸನಮುಕ್ತಿ ಸಹಾಯವಾಣಿ 14446ಕ್ಕೂ, ಮನಸ್ಸಿನ ಬೇಗುದಿಗೆ ಟೆಲಿ ಮಾನಸ್‌ನ 14416ಕ್ಕೂ ಶುಲ್ಕವಿಲ್ಲದೆ ಕರೆ ಮಾಡಬಹುದು. ರ್‍ಯಾಗಿಂಗ್ ದೂರಿಗೆ 1800-180-5522. ಹೈದರಾಬಾದಿನ ಎರ್ರಗಡ್ಡದ ಮಾನಸಿಕ ಆರೋಗ್ಯ ಸಂಸ್ಥೆಯಲ್ಲಿಯೂ ಬೆಂಗಳೂರಿನ ನಿಮ್ಹಾನ್ಸ್‌ನಲ್ಲಿಯೂ ಚಿಕಿತ್ಸೆ ದೊರೆಯುತ್ತದೆ. ಮದ್ಯವ್ಯಸನ ಚಿಕಿತ್ಸೆಗೆ ಬಗ್ಗುವ ಕಾಯಿಲೆ. ಅದನ್ನು ಮನೆತನದ ಕಳಂಕವೆಂದು ಬಚ್ಚಿಟ್ಟಷ್ಟೂ ಬೆಳೆಯುತ್ತದೆ.

ದ್ವಾರಕೆಯಲ್ಲಿ ಶೂಲದ ಭಯವಿದ್ದಿತು. ಆದರೂ ಪ್ರಭಾಸದಲ್ಲಿ ಲೋಟಗಳು ತುಂಬುತ್ತಿದ್ದಾಗ ತಡೆಯುವ ಗೆಳೆಯನೊಬ್ಬನೂ ಇರಲಿಲ್ಲ. ಕಾಲೇಜಿನ ತಂಡದಲ್ಲಿ ಅಂತಹ ಗೆಳೆಯನೊಬ್ಬನಿರಬೇಕು. ಒಲ್ಲೆನೆಂದವನ ಪಕ್ಕದಲ್ಲಿ ನಿಲ್ಲುವವನು, ಕುಸಿದವನನ್ನು ಮಗ್ಗುಲಿಗೆ ಹೊರಳಿಸಿ ಫೋನ್ ಎತ್ತಿಕೊಳ್ಳುವವನು. ಅವನಿಗೆ ಹಾಗೆ ಮಾಡುವ ಧೈರ್ಯ ಬರುವಂತೆ ನಿಯಮಗಳನ್ನು ಬರೆಯುವುದು ಕಾಲೇಜಿನ ಕರ್ತವ್ಯ. ಆ ಧೈರ್ಯವನ್ನು ಚಿಕ್ಕಂದಿನಿಂದ ಬೆಳೆಸುವುದು ಮನೆಯ ಕರ್ತವ್ಯ. ಪದಕಗಳು ಇಂದಲ್ಲ ನಾಳೆ ಬರುತ್ತವೆ. ಆಡಲು ಹೋದ ಮಗ ನೆಟ್ಟಗೆ ಮನೆಗೆ ಮರಳುವುದು ಮೊದಲ ಗೆಲುವು.